ಜಿಆರ್‌ಇ ತಯಾರಿ: ಕೈಗೆ ಬಂದಿರುವ ಆರು ಮಾರ್ಗದರ್ಶಿಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಅಮೆರಿಕದಲ್ಲಿ ಮೆಟೀರಿಯಲ್ಸ್ ಸೈನ್ಸ್ ವಿಷಯದಲ್ಲಿ ಎಂ.ಎಸ್. ಮಾಡುವ ಆಸೆಯಿಂದ ಇನ್ನು ನಾಲ್ಕು ತಿಂಗಳಲ್ಲಿ ಜಿಆರ್‌ಇ, ಅಂದರೆ ಅಲ್ಲಿನ ಸ್ನಾತಕೋತ್ತರ ಪ್ರವೇಶಕ್ಕೆ ಕೇಳುವ, ಇಂಗ್ಲಿಷ್ ಭಾಷೆ, ಗಣಿತ ಮತ್ತು ಪ್ರಬಂಧ ವಿಭಾಗಗಳಿರುವ ಪರೀಕ್ಷೆ ಬರೆಯಬೇಕೆಂದುಕೊಂಡಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಪಠ್ಯಪುಸ್ತಕದ ಇಂಗ್ಲಿಷ್ ಅರ್ಥವಾಗುತ್ತದೆ, ಪತ್ರಿಕೆಯ ಸಂಪಾದಕೀಯ ಓದುವಾಗ ಮಾತ್ರ ಎರಡು ಸಾಲಿಗೊಮ್ಮೆ ನಿಲ್ಲಬೇಕಾಗುತ್ತದೆ.

ಹಾಸ್ಟೆಲಿನ ಹಿರಿಯರೊಬ್ಬರು ಹೊರಡುವಾಗ ಒಂದು ಪೆಟ್ಟಿಗೆ ಪುಸ್ತಕ ಕೊಟ್ಟುಹೋದರು. ಅದರಲ್ಲಿ ಐದು ಇವೆ. ಆರನೆಯದನ್ನು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ನಾನೇ ಕೊಂಡೆ. ಮೂರು ಸಾವಿರಕ್ಕೂ ಹೆಚ್ಚು ಪದಗಳ ಪಟ್ಟಿಯಿರುವ ಒಂದು ದಪ್ಪ ಪುಸ್ತಕ, ವಿರುದ್ಧಾರ್ಥಕ ಪದಗಳನ್ನು ಕೇಳುವ ಪ್ರಶ್ನೆಗಳಿಂದಲೇ ತುಂಬಿದ ಇನ್ನೊಂದು, ಗಣಿತದ ಎರಡು, ಕೋಚಿಂಗ್ ಕೇಂದ್ರವೊಂದರ ಸ್ಪೈರಲ್ ಬೈಂಡಿಂಗ್ ನೋಟ್ಸ್, ಮತ್ತು ಮೊದಲ ಕೆಲವು ಪುಟಗಳೇ ಹರಿದುಹೋಗಿರುವ ಒಂದು ಸಮಗ್ರ ಮಾರ್ಗದರ್ಶಿ. ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದಲು ಸಮಯವಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ, ಇಟ್ಟುಕೊಂಡದ್ದನ್ನು ಹೇಗೆ ಓದಲಿ ಎಂದು ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಹಳೆ ಪುಸ್ತಕದ ಗಿರಾಕಿ

ಮೊದಲು ಮಾಡಬೇಕಾದ ಕೆಲಸ ಓದುವುದಲ್ಲ, ಪ್ರತಿ ಪುಸ್ತಕದ ವಯಸ್ಸನ್ನು ಪತ್ತೆ ಹಚ್ಚುವುದು. ಜಿಆರ್‌ಇ ಹೆಸರು ಹಳೆಯದಾದರೂ ಪರೀಕ್ಷೆಯ ಒಳಗು ಈಚಿನ ವರ್ಷಗಳಲ್ಲಿ ಎರಡು ಸಲ ದೊಡ್ಡದಾಗಿ ಬದಲಾಗಿದೆ. ಒಂದು 2011ರ ಆಗಸ್ಟ್‌ನಲ್ಲಿ, ಇನ್ನೊಂದು 2023ರ ಸೆಪ್ಟೆಂಬರ್‌ನಲ್ಲಿ.

ವಿರುದ್ಧಾರ್ಥಕ ಪದಗಳನ್ನೂ, 'ಇದಕ್ಕೆ ಅದು ಹೇಗೋ ಹಾಗೆ ಅದಕ್ಕೆ ಇದು' ಎಂಬ ಬಗೆಯ ಪದಸಂಬಂಧಗಳನ್ನೂ 2011ರಲ್ಲೇ ಕೈಬಿಟ್ಟರು. ಆದ್ದರಿಂದ ನಿಮ್ಮ ಎರಡನೆಯ ಪುಸ್ತಕಕ್ಕೆ ಮುದ್ರಣದ ಇಸವಿ ನೋಡುವ ಅಗತ್ಯವೂ ಇಲ್ಲ. ಅದು ಸತ್ತುಹೋದ ಪರೀಕ್ಷೆಯ ಪುಸ್ತಕ. ಆ ಕಾಲದ ಪುಸ್ತಕಗಳಲ್ಲಿ ಅಂಕಗಳು 200ರಿಂದ 800ರ ಅಳತೆಯಲ್ಲಿರುತ್ತವೆ, ಈಗಿನ ಅಳತೆ 130ರಿಂದ 170. ಮುಖಪುಟ ಹರಿದಿದ್ದರೂ ಒಳಗೆ '720 ಅಂಕ ಗಳಿಸುವುದು ಹೇಗೆ' ಎಂಬಂಥ ಮಾತು ಕಂಡರೆ ಅದನ್ನು ತೂಕಕ್ಕೆ ಹಾಕಬಹುದು. ಇದರಲ್ಲಿ ನಿಜವಾದ ಅಪಾಯವೂ ಉಂಟು. ಅಂದಿನ ಕಂಪ್ಯೂಟರ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನು ಉತ್ತರಿಸಿ ಮುಂದೆ ಹೋದ ಮೇಲೆ ಹಿಂದಿರುಗುವಂತಿರಲಿಲ್ಲ. ಅದಕ್ಕಾಗಿಯೇ ಆ ಪುಸ್ತಕಗಳು 'ಮೊದಲ ಪ್ರಶ್ನೆಗಳಿಗೆ ಎಷ್ಟು ಹೊತ್ತು ಬೇಕಾದರೂ ಕೊಡಿ' ಎಂದು ಉಪದೇಶಿಸುತ್ತವೆ. ಈಗ ಒಂದು ಭಾಗದೊಳಗೆ ಪ್ರಶ್ನೆಗೆ ಗುರುತು ಹಾಕಿ, ಮುಂದೆ ಹೋಗಿ, ಸಮಯ ಉಳಿದರೆ ಮರಳಿ ಬರಬಹುದು. ಹಳೆಯ ಸಲಹೆಯನ್ನು ನಂಬಿದವರು ಮೊದಲ ಮೂರು ಪ್ರಶ್ನೆಗಳಲ್ಲೇ ಆರು ನಿಮಿಷ ಕಳೆದು ಕುಳಿತಿರುತ್ತಾರೆ.

2011ರಿಂದ 2023ರ ನಡುವಿನ ಪುಸ್ತಕಗಳ ಕತೆ ಬೇರೆ. ಅವುಗಳನ್ನು ಎಸೆಯಬೇಡಿ. ಮೂರೂ ಮುಕ್ಕಾಲು ಗಂಟೆಯ ಪರೀಕ್ಷೆ ಈಗ 1 ಗಂಟೆ 58 ನಿಮಿಷಕ್ಕೆ ಇಳಿದಿದೆ, ಎರಡು ಪ್ರಬಂಧಗಳ ಬದಲು ಒಂದೇ ಇದೆ, ನಡುವಿನ ಹತ್ತು ನಿಮಿಷದ ಬಿಡುವು ಹೋಗಿದೆ. ಪ್ರಶ್ನೆಗಳ ಬಗೆ ಮಾತ್ರ ಬದಲಾಗಿಲ್ಲ. ಹಿಂದೆ ಭಾಷಾ ವಿಭಾಗದಲ್ಲಿ 20 ಪ್ರಶ್ನೆಗೆ 30 ನಿಮಿಷವಿತ್ತು. ಈಗ ಮೊದಲ ಭಾಗದಲ್ಲಿ 12 ಪ್ರಶ್ನೆಗೆ 18, ಎರಡನೆಯದರಲ್ಲಿ 15ಕ್ಕೆ 23 ನಿಮಿಷ. ಗಣಿತದಲ್ಲಿ 20ಕ್ಕೆ 35 ಇದ್ದದ್ದು ಈಗ 12ಕ್ಕೆ 21, 15ಕ್ಕೆ 26. ಭಾಗಿಸಿ ನೋಡಿದರೆ ಒಂದು ಪ್ರಶ್ನೆಗೆ ಸಿಗುವ ಕಾಲ ಹೆಚ್ಚುಕಡಿಮೆ ಮೊದಲಿನಷ್ಟೇ. ಹಾಗಾಗಿ ಆ ಪುಸ್ತಕಗಳ ಪ್ರಶ್ನೆಗಳನ್ನು ಇಟ್ಟುಕೊಂಡು, ಅವುಗಳ ಪೂರ್ಣಾವಧಿ ಮಾದರಿ ಪರೀಕ್ಷೆಗಳನ್ನೂ ಎರಡನೆಯ ಪ್ರಬಂಧದ ಅಧ್ಯಾಯವನ್ನೂ ಬಿಟ್ಟರೆ ಸಾಕು.

ಕಪ್ಪುಹಲಗೆ

ನಾನು ಇಪ್ಪತ್ತು ವರ್ಷಗಳಿಂದ ಗಣಿತ ಹೇಳಿಕೊಡುತ್ತಿರುವವನು, ಆದ್ದರಿಂದ ಗಣಿತದ ಪುಸ್ತಕಗಳ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಎಂಜಿನಿಯರಿಂಗ್ ಹುಡುಗರು 'ಇದರಲ್ಲಿ ಕಲನಶಾಸ್ತ್ರವೂ ಇಲ್ಲ, ತ್ರಿಕೋನಮಿತಿಯೂ ಇಲ್ಲ, ಹೈಸ್ಕೂಲಿನ ಲೆಕ್ಕ' ಎಂದು ಈ ವಿಭಾಗವನ್ನು ಕಡೆಗಣಿಸುತ್ತಾರೆ. ಅವರು ಹೇಳುವುದು ನಿಜ. ಆದರೆ ಹೈಸ್ಕೂಲಿನ ಲೆಕ್ಕದಲ್ಲಿ ಬೀಳಿಸುವ ಹಳ್ಳಗಳು ಕಲನಶಾಸ್ತ್ರದಲ್ಲಿರುವುದಕ್ಕಿಂತ ಹೆಚ್ಚು.

ಎರಡು ಪರಿಮಾಣಗಳನ್ನು ಕೊಟ್ಟು ಯಾವುದು ದೊಡ್ಡದು ಎಂದು ಕೇಳುವ ಪ್ರಶ್ನೆಗಳನ್ನೇ ತೆಗೆದುಕೊಳ್ಳಿ. 'ಎಕ್ಸ್ ಸೊನ್ನೆಗಿಂತ ಹೆಚ್ಚು. ಮೊದಲನೆಯದು ಎಕ್ಸ್ ವರ್ಗ, ಎರಡನೆಯದು ಎಕ್ಸ್' ಎಂದಿರುತ್ತದೆ. ಮನಸ್ಸಿನಲ್ಲಿ 2 ಎಂದುಕೊಂಡವನಿಗೆ ವರ್ಗವೇ ದೊಡ್ಡದು. ಅರ್ಧ ಎಂದುಕೊಂಡರೆ ವರ್ಗ ಕಾಲಾಗಿ ಚಿಕ್ಕದಾಗುತ್ತದೆ, 1 ಎಂದುಕೊಂಡರೆ ಎರಡೂ ಸಮ. ಆದ್ದರಿಂದ ಸರಿಯುತ್ತರ 'ಕೊಟ್ಟ ಮಾಹಿತಿಯಿಂದ ನಿರ್ಧರಿಸಲಾಗದು' ಎಂಬುದು. ಭಿನ್ನರಾಶಿ, ಸೊನ್ನೆ, ಋಣಸಂಖ್ಯೆ ಇವನ್ನು ಹಾಕಿ ನೋಡುವ ಅಭ್ಯಾಸ ಇಲ್ಲದವನು ಎಷ್ಟು ಬುದ್ಧಿವಂತನಾದರೂ ಇಲ್ಲಿ ಎಡವುತ್ತಾನೆ. ಚಿತ್ರಗಳ ವಿಷಯವೂ ಹಾಗೆಯೇ. ಈ ಪರೀಕ್ಷೆಯಲ್ಲಿ ರೇಖಾಗಣಿತದ ಆಕೃತಿಗಳು ಅಳತೆಗೆ ಸರಿಯಾಗಿ ಬರೆದಿರಬೇಕೆಂದಿಲ್ಲ, ಕಣ್ಣಿಗೆ ಲಂಬಕೋನದಂತೆ ಕಂಡದ್ದು ಲಂಬಕೋನವೇ ಆಗಬೇಕಿಲ್ಲ. ದತ್ತಾಂಶದ ನಕ್ಷೆಗಳು ಮತ್ತು ನಿರ್ದೇಶಾಂಕ ಅಕ್ಷಗಳು ಮಾತ್ರ ಅಳತೆಗೆ ಸರಿಯಾಗಿರುತ್ತವೆ. ಈ ನಿಯಮಗಳನ್ನೆಲ್ಲ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಒಂದು ಕಡತದಲ್ಲಿ ಉಚಿತವಾಗಿ ಕೊಟ್ಟಿದೆ. ಅದರ ಜೊತೆಗೆ ಗಣಿತದ ಇಡೀ ಪಠ್ಯದ ಪುನರವಲೋಕನ ಕಡತವೂ ಉಚಿತ. ಅದನ್ನು ಇಳಿಸಿಕೊಂಡು ಮುದ್ರಿಸಿ ಇಟ್ಟುಕೊಳ್ಳಿ, ಪಾಠಕ್ಕೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ನಿಮ್ಮಲ್ಲಿರುವ ಎರಡು ಪುಸ್ತಕಗಳನ್ನು ಹೀಗೆ ಪರೀಕ್ಷಿಸಿ. ಒಂದು ಲೆಕ್ಕವನ್ನು ನೀವೇ ಬೇಕೆಂದು ತಪ್ಪು ಮಾಡಿ, ಆಮೇಲೆ ಹಿಂದಿರುವ ವಿವರಣೆ ಓದಿ. ಸರಿಯುತ್ತರ ಹೇಗೆ ಬಂತು ಎಂಬುದನ್ನಷ್ಟೇ ಹೇಳಿ ಮುಗಿಸುವ ಪುಸ್ತಕವನ್ನು ಬದಿಗಿಡಿ. 'ಇಲ್ಲಿ ಹೀಗೆ ಯೋಚಿಸಿದವರಿಗೆ ಈ ತಪ್ಪು ಉತ್ತರ ಸಿಗುತ್ತದೆ' ಎಂದು ನಿಮ್ಮ ತಪ್ಪಿನ ದಾರಿಯನ್ನೂ ತೋರಿಸುವ ಪುಸ್ತಕ ಸಿಕ್ಕರೆ ಅದನ್ನು ಬಿಡಬೇಡಿ.

ಹೇಮಾವತಿ ದಂಡೆ

ಇಬ್ಬರಿಗೂ ಧನ್ಯವಾದಗಳು. ಹಳೆ ಪುಸ್ತಕದ ಗಿರಾಕಿಗಳು ಹೇಳಿದಂತೆ ನೋಡಿದೆ. ನಾನು ಅವೆನ್ಯೂ ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡದ್ದೇ ಆ ಸತ್ತ ಪರೀಕ್ಷೆಯ ಪುಸ್ತಕ! ಮೇಷ್ಟ್ರು ಹೇಳಿದ ಪರೀಕ್ಷೆಯಲ್ಲಿ ಗಣಿತದ ಒಂದು ಪುಸ್ತಕ ಉಳಿಯಿತು. ಮುಖಪುಟ ಹರಿದ ಸಮಗ್ರ ಮಾರ್ಗದರ್ಶಿಯಲ್ಲಿ 130–170ರ ಅಳತೆಯೂ ಎರಡು ಪ್ರಬಂಧಗಳೂ ಇವೆ, ಅಂದರೆ ಅದು ನಡುವಿನ ಕಾಲದ್ದು. ಕೋಚಿಂಗ್ ನೋಟ್ಸಿನಲ್ಲಿ ಗದ್ಯಭಾಗಗಳು ಬಹಳ ಇವೆ, ಆದರೆ ಒಂದೇ ಪ್ರಶ್ನೆಗೆ ಎರಡು ಕಡೆ ಎರಡು ಬೇರೆ ಉತ್ತರಗಳನ್ನು ಕೊಟ್ಟಿರುವುದು ಕಣ್ಣಿಗೆ ಬಿತ್ತು. ಈಗ ಉಳಿದಿರುವುದು ಮೂರು ಸಾವಿರ ಪದಗಳ ಪಟ್ಟಿ. ದಿನಕ್ಕೆ ಮೂವತ್ತರಂತೆ ನೂರು ದಿನದಲ್ಲಿ ಮುಗಿಸಬಹುದು ಎಂದು ಲೆಕ್ಕ ಹಾಕಿದ್ದೇನೆ.

ನಾನಾರ್ಥ

ಆ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಮೂವತ್ತೈದನೆಯ ದಿನ ಏನಾಗುತ್ತದೆ ಎಂಬುದು ಗೊತ್ತಿದೆ. ಮೊದಲ ದಿನದ ಮೂವತ್ತು ಪದಗಳಲ್ಲಿ ನಾಲ್ಕು ನೆನಪಿನಲ್ಲಿರುತ್ತವೆ, ಆ ನಾಲ್ಕೂ 'ಎ' ಅಕ್ಷರದಿಂದ ಶುರುವಾಗುತ್ತವೆ.

ಪದಪಟ್ಟಿಯ ದೊಡ್ಡ ಕೊರತೆ ಮರೆವಲ್ಲ. ಅದು ಒಂದು ಪದಕ್ಕೆ ಒಂದೇ ಅರ್ಥ ಬರೆದು ಕೈತೊಳೆದುಕೊಳ್ಳುತ್ತದೆ. ಈ ಪರೀಕ್ಷೆಯವರು ಕೇಳುವುದು ಬಹಳ ಸಲ ನಮಗೆ ಗೊತ್ತಿಲ್ಲದ ಪದವನ್ನಲ್ಲ, ಗೊತ್ತಿದೆ ಎಂದುಕೊಂಡ ಪದದ ಗೊತ್ತಿಲ್ಲದ ಅರ್ಥವನ್ನು. ಅದರಲ್ಲೂ ನಮ್ಮ ಕಚೇರಿ, ಬ್ಯಾಂಕು, ಶಾಲೆಗಳ ಇಂಗ್ಲಿಷಿನಲ್ಲಿ ಬೆಳೆದ ನಮಗೆ ಈ ಹೊಡೆತ ಇನ್ನೂ ಜೋರು. ನಮ್ಮಲ್ಲಿ ಸಾಲ 'ಸ್ಯಾಂಕ್ಷನ್' ಆದರೆ ಮಂಜೂರಾಯಿತು ಎಂದೇ ಅರ್ಥ. ಅದೇ ಪದ ಒಂದು ದೇಶದ ಮೇಲೆ ಹೇರುವ ನಿರ್ಬಂಧವೂ ಹೌದು, ಎರಡು ಅರ್ಥಗಳೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. 'ಕ್ವಾಲಿಫೈಡ್' ಎಂದರೆ ನಮಗೆ ಅರ್ಹ. 'ಕ್ವಾಲಿಫೈಡ್ ಸಪೋರ್ಟ್' ಎಂದು ಗದ್ಯಭಾಗದಲ್ಲಿ ಬಂದರೆ ಅದು ಷರತ್ತುಗಳಿಗೆ ಒಳಪಟ್ಟ, ಅರೆಮನಸ್ಸಿನ ಬೆಂಬಲ. ವಿಧೇಯಕವನ್ನು 'ಟೇಬಲ್' ಮಾಡುವುದೆಂದರೆ ನಮ್ಮ ವಿಧಾನಸಭೆಯ ವರದಿಗಳಲ್ಲಿ ಸದನದ ಮುಂದಿಡುವುದು, ಅಮೆರಿಕನ್ನರ ಬಳಕೆಯಲ್ಲಿ ಅದನ್ನು ಪಕ್ಕಕ್ಕೆ ಸರಿಸಿಡುವುದು. 'ಪೆಡೆಸ್ಟ್ರಿಯನ್' ಎಂದರೆ ಪಾದಚಾರಿ ಅಷ್ಟೇ ಅಲ್ಲ, ಸಪ್ಪೆಯಾದ, ಹೊಸತನವಿಲ್ಲದ ಬರಹಕ್ಕೂ ಆ ಪದ ಸಲ್ಲುತ್ತದೆ. 'ಫ್ಲ್ಯಾಗ್' ಎಂದರೆ ಬಾವುಟ ಎಂದು ಒಂದನೆಯ ತರಗತಿಯ ಮಗುವಿಗೂ ಗೊತ್ತು, ಉತ್ಸಾಹ ಸೊರಗುವುದಕ್ಕೂ ಅದೇ ಕ್ರಿಯಾಪದ ಎಂದು ಎಷ್ಟು ಪದವೀಧರರಿಗೆ ಗೊತ್ತು? 'ಡಿಸ್‌ಇಂಟರೆಸ್ಟೆಡ್' ಎಂದರೆ ಆಸಕ್ತಿಯಿಲ್ಲದವನು ಎಂದು ಗುರುತು ಹಾಕಿದವರು, 'ನಿಷ್ಪಕ್ಷಪಾತಿ' ಎಂಬ ಉತ್ತರವನ್ನು ಬಿಟ್ಟು ಬಂದಿರುತ್ತಾರೆ.

ಆದ್ದರಿಂದ ಆ ದಪ್ಪ ಪುಸ್ತಕವನ್ನು ನಿಘಂಟಿನಂತೆ ಪಕ್ಕದಲ್ಲಿಟ್ಟುಕೊಳ್ಳಿ, ಪಾಠಪುಸ್ತಕವಾಗಿ ಓದಬೇಡಿ. ಅಭ್ಯಾಸದ ಪ್ರಶ್ನೆಗಳಲ್ಲಿ ನಿಮ್ಮನ್ನು ಎಡವಿಸಿದ ಪದ ಮಾತ್ರ ನಿಮ್ಮ ಪಟ್ಟಿಗೆ ಸೇರಬೇಕು, ಅದೂ ಅದು ಕುಳಿತಿದ್ದ ವಾಕ್ಯದ ಸಮೇತ. ಪಕ್ಕದಲ್ಲಿ ಕನ್ನಡದ ಅರ್ಥ ಬರೆಯುವುದಕ್ಕೆ ಸಂಕೋಚಪಡಬೇಡಿ. 'ಲಕಾನಿಕ್' ಎಂಬುದಕ್ಕೆ ಇಂಗ್ಲಿಷಿನಲ್ಲಿ ಅರ್ಧ ಸಾಲು ಬರೆಯುವುದಕ್ಕಿಂತ ಮಿತಭಾಷಿ ಎಂಬ ಒಂದು ಮಾತು ಹೆಚ್ಚು ಕಾಲ ನಿಲ್ಲುತ್ತದೆ. 'ಲೊಕ್ವೇಶಿಯಸ್' ಎಂದರೆ ನಮ್ಮ ವಾಚಾಳಿಯೇ. ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ನೀವು ಕೊರತೆಯೆಂಬಂತೆ ಬರೆದಿದ್ದೀರಿ. ಒಳ್ಳೆಯ ಗದ್ಯವನ್ನು ಯಾವುದಾದರೂ ಒಂದು ಭಾಷೆಯಲ್ಲಿ ಓದಿ ಪಳಗಿದವರಿಗೆ ಇನ್ನೊಂದರಲ್ಲಿ ವಾದ ಎತ್ತ ತಿರುಗುತ್ತಿದೆ ಎಂದು ಕಾಣಲು ತಡವಾಗುವುದಿಲ್ಲ. ಭಾಷಾ ವಿಭಾಗದ ಅರ್ಧದಷ್ಟು ಪ್ರಶ್ನೆಗಳು ಗದ್ಯಭಾಗ ಓದಿ ಉತ್ತರಿಸುವಂಥವು ಎಂಬುದನ್ನು ನೆನಪಿಡಿ. ಅಲ್ಲಿ 'ಆದರೂ', 'ಹಾಗಿದ್ದಾಗ್ಯೂ', 'ಅಷ್ಟೇ ಏಕೆ' ಎಂಬಂಥ ತಿರುವಿನ ಪದಗಳನ್ನು ಹಿಡಿದವನು ಗೆಲ್ಲುತ್ತಾನೆ.

ಒಂದೇ ಪಟ್ಟು

ಮೇಡಂ ಅವರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ನಾನು ಪದಪಟ್ಟಿಯನ್ನು ಉರುಹೊಡೆದೇ ಪರೀಕ್ಷೆ ಬರೆದವನು, 2019ರಲ್ಲಿ. ಭಾಷಾ ವಿಭಾಗದಲ್ಲಿ 158 ಬಂತು. ನಿಜ, ಮೂರು ಸಾವಿರವಲ್ಲ, ಸುಮಾರು ಎಂಟುನೂರು ಪದಗಳ ಚಿಕ್ಕ ಪಟ್ಟಿ. ಆರು ಆಯ್ಕೆಗಳಲ್ಲಿ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕಾದ ಪ್ರಶ್ನೆಯಲ್ಲಿ ಆರೂ ಪದಗಳು ಅಪರಿಚಿತವಾಗಿದ್ದರೆ ತಿರುವು ಹಿಡಿದು ಏನು ಪ್ರಯೋಜನ? ಎರಡೂ ಸರಿಯಾಗಿದ್ದರೆ ಮಾತ್ರ ಅಂಕ, ಒಂದಕ್ಕೆ ಅರ್ಧ ಅಂಕವಿಲ್ಲ. ಮೂರು ಖಾಲಿ ಜಾಗಗಳಿರುವ ವಾಕ್ಯದಲ್ಲಿ ಒಂದೊಂದಕ್ಕೆ ಮೂರು ಆಯ್ಕೆಯಂತೆ ಕುರುಡಾಗಿ ಆರಿಸಿದರೆ ಸರಿಯಾಗುವ ಸಾಧ್ಯತೆ 27ರಲ್ಲಿ ಒಂದು. ಬಂಡವಾಳವೇ ಇಲ್ಲದೆ ವ್ಯಾಪಾರ ನಡೆಯುವುದಿಲ್ಲ.

ನಾನಾರ್ಥ

ಒಪ್ಪುತ್ತೇನೆ. ಎಂಟುನೂರರ ಪಟ್ಟಿಗೂ ಮೂರು ಸಾವಿರದ ಪಟ್ಟಿಗೂ ಇರುವ ವ್ಯತ್ಯಾಸವೇ ನಾನು ಹೇಳಬೇಕೆಂದದ್ದು. ಚಿಕ್ಕ ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಲ್ಲದೆ ಅರ್ಥದ ಗುಂಪುಗಳಲ್ಲಿ, ಅಂದರೆ ಹೊಗಳುವ ಪದಗಳೆಲ್ಲ ಒಂದೆಡೆ, ಜಿಪುಣತನದವು ಇನ್ನೊಂದೆಡೆ ಎಂಬಂತೆ ಓದಿದರೆ, ನೀವು ಹೇಳಿದ ಎರಡು ಉತ್ತರಗಳ ಪ್ರಶ್ನೆಗೆ ಅದೇ ಒಳ್ಳೆಯ ತಯಾರಿ.

ಮೂರನೆಯ ಚಳಿಗಾಲ

ನಾನು ಧಾರವಾಡದವಳು, ಅಮೆರಿಕದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಎಲ್ಲರೂ ಪುಸ್ತಕದ ಮಾತಾಡುತ್ತಿದ್ದಾರೆ, ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಉಳಿದುಹೋಗಿದೆ. ತಮ್ಮಾ, ನೀನು ಅರ್ಜಿ ಹಾಕಬೇಕೆಂದಿರುವ ವಿಭಾಗಗಳು ಜಿಆರ್‌ಇ ಅಂಕವನ್ನು ಕೇಳುತ್ತವೆಯೇ? 2020ರ ನಂತರ ಎಷ್ಟೋ ವಿಭಾಗಗಳು ಅದನ್ನು ಐಚ್ಛಿಕ ಮಾಡಿವೆ, ಕೆಲವು ನೋಡುವುದನ್ನೇ ನಿಲ್ಲಿಸಿವೆ, ಇನ್ನು ಕೆಲವು ಮತ್ತೆ ಕೇಳಲಾರಂಭಿಸಿವೆ. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳಲ್ಲಿ ಎರಡು ನಿಯಮಗಳಿರುವುದೂ ಉಂಟು. ಇಪ್ಪತ್ತು ಸಾವಿರ ರೂಪಾಯಿ ಮೀರುವ ಶುಲ್ಕ ಕಟ್ಟುವ ಮೊದಲು ಪ್ರತಿ ವಿಭಾಗದ ಪ್ರವೇಶ ಪುಟವನ್ನು ಓದಿ ಒಂದು ಹಾಳೆಯಲ್ಲಿ ಬರೆದುಕೋ. ಅಂಕ ಐದು ವರ್ಷ ಬಾಳುತ್ತದೆ, ಆದ್ದರಿಂದ ಬರೆದದ್ದು ವ್ಯರ್ಥವಾಗುವುದಿಲ್ಲ ಎಂಬುದು ಬೇರೆ ಮಾತು.

ಬರೆಯುವುದೇ ಎಂದಾದರೆ, ಅಭ್ಯಾಸದ ಪ್ರಶ್ನೆಗಳಿಗೆ ಇಟಿಎಸ್‌ನವರೇ ಪ್ರಕಟಿಸಿದ ಅಧಿಕೃತ ಮಾರ್ಗದರ್ಶಿಯನ್ನು ಆಧಾರವಾಗಿಟ್ಟುಕೊ. ಬೇರೆ ಪ್ರಕಾಶಕರ ಪುಸ್ತಕಗಳಲ್ಲಿ ತಂತ್ರಗಳ ವಿವರಣೆ ಇದಕ್ಕಿಂತ ಚೆನ್ನಾಗಿರುವುದುಂಟು, ಆದರೆ ಅವರು ಬರೆದ ಭಾಷಾ ಪ್ರಶ್ನೆಗಳಲ್ಲಿ ಅಸಲಿನ ನಾಜೂಕು ಇರುವುದು ಕಡಿಮೆ. ಸರಿಯುತ್ತರ ಯಾಕೆ ಸರಿ ಎಂಬುದಕ್ಕೆ ವಾಕ್ಯದೊಳಗೇ ಸಾಕ್ಷಿ ಇರಬೇಕು. ಅನುಕರಣೆಯ ಪ್ರಶ್ನೆಗಳಲ್ಲಿ ಆ ಸಾಕ್ಷಿ ಸಡಿಲವಾಗಿರುತ್ತದೆ, ಆಗ ನಾವು ಸರಿಯಾಗಿ ಯೋಚಿಸಿದರೂ ಉತ್ತರ ತಪ್ಪಾಗಿ, ನಮ್ಮನ್ನೇ ಅನುಮಾನಿಸಲು ಶುರುಮಾಡುತ್ತೇವೆ. ನಿನ್ನ ಕೋಚಿಂಗ್ ನೋಟ್ಸಿನ ಎರಡು ಉತ್ತರಗಳ ರಹಸ್ಯವೂ ಅದೇ ಇರಬೇಕು. ಅದನ್ನು ಕಣ್ಣೆತ್ತಿಯೂ ನೋಡಬೇಡ.

ಪವರ್‌ಪ್ರೆಪ್ ಎಂಬ ಹೆಸರಿನಲ್ಲಿ ಇಟಿಎಸ್‌ನವರು ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತಾರೆ. ಯಾವ ಪುಸ್ತಕದಲ್ಲೂ ಸಿಗದ ಒಂದು ಸಂಗತಿ ಅಲ್ಲಿ ಸಿಗುತ್ತದೆ. ಮೊದಲ ಭಾಗದಲ್ಲಿ ನೀನು ಹೇಗೆ ಮಾಡಿದೆ ಎಂಬುದರ ಮೇಲೆ ಎರಡನೆಯ ಭಾಗ ಸುಲಭವೋ ಕಠಿಣವೋ ಎಂದು ಕಂಪ್ಯೂಟರು ನಿರ್ಧರಿಸುತ್ತದೆ. ಕಾಗದದ ಮೇಲೆ ಅದನ್ನು ಅನುಭವಿಸಲಾಗುವುದಿಲ್ಲ. ನನ್ನ ಮೊದಲ ಮಾದರಿ ಪರೀಕ್ಷೆಯಲ್ಲಿ ಗಣಿತದ ಎರಡನೆಯ ಭಾಗ ಇದ್ದಕ್ಕಿದ್ದಂತೆ ಕಷ್ಟವಾದಾಗ ನಾನು ಹೆದರಿ ಕೈಚೆಲ್ಲಿದ್ದೆ. ಕಷ್ಟವಾಯಿತೆಂದರೆ ಮೊದಲನೆಯದನ್ನು ಚೆನ್ನಾಗಿ ಮಾಡಿದ್ದೆ ಎಂದು ಅರ್ಥ ಎಂಬುದು ಆಮೇಲೆ ಹೊಳೆಯಿತು. ಇನ್ನೊಂದು ವಿಷಯ. ನಿನ್ನ ಗೆಳೆಯರು ನಮ್ಮ ದೇಶದ ಎಂ.ಟೆಕ್. ಪ್ರವೇಶಕ್ಕಾಗಿ ಇರುವ ಗೇಟ್ ಪರೀಕ್ಷೆಗೆ ಓದುತ್ತಿರಬಹುದು. ಅಲ್ಲಿ ಒಂದು ಅಂಕದ ಬಹು ಆಯ್ಕೆಯ ಪ್ರಶ್ನೆ ತಪ್ಪಾದರೆ ಮೂರನೆಯ ಒಂದು ಅಂಕ ಕಳೆಯುತ್ತಾರೆ, ಅದರಿಂದ ಗೊತ್ತಿಲ್ಲದ್ದನ್ನು ಬಿಟ್ಟುಬರುವ ಅಭ್ಯಾಸ ಬೆಳೆದಿರುತ್ತದೆ. ಜಿಆರ್‌ಇಯಲ್ಲಿ ಋಣಾಂಕವಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ತಪ್ಪುಗಳಿಗಾಗಿಯೇ ಒಂದು ನೋಟ್‌ಬುಕ್ ಇಡು. ಪ್ರಶ್ನೆ ಏನು, ನಾನು ಯಾವುದನ್ನು ಆರಿಸಿದೆ, ಆ ಕ್ಷಣ ಏನು ಯೋಚಿಸಿದೆ ಎಂಬುದನ್ನು ಉತ್ತರ ನೋಡುವ ಮೊದಲೇ ಬರೆಯಬೇಕು. 'ಅಜಾಗರೂಕತೆ' ಎಂದು ಬರೆಯುವುದನ್ನು ನಾನು ನನಗೇ ನಿಷೇಧಿಸಿಕೊಂಡಿದ್ದೆ, ಏಕೆಂದರೆ ಆ ಪದ ಏನನ್ನೂ ಹೇಳುವುದಿಲ್ಲ. 'ಶೇಕಡಾವಾರು ಕೇಳಿದ್ದಕ್ಕೆ ಸಂಖ್ಯೆ ಕೊಟ್ಟೆ' ಎಂದು ಬರೆದರೆ ಅದರಿಂದ ಮುಂದಿನ ಸಲ ಕಾಪಾಡಿಕೊಳ್ಳಬಹುದು. ಎರಡು ವಾರಕ್ಕೊಮ್ಮೆ ಆ ಪ್ರಶ್ನೆಗಳನ್ನೇ ಮತ್ತೆ ಮಾಡಿದೆ. ಹೊಸ ಪುಸ್ತಕ ಕೊಳ್ಳುವ ಚಪಲ ಅದರಿಂದಲೇ ಕಡಿಮೆಯಾಯಿತು.

ಹಳೆ ಪುಸ್ತಕದ ಗಿರಾಕಿ

ಪ್ರಬಂಧದ ಬಗ್ಗೆ ಯಾರೂ ಹೇಳಲಿಲ್ಲ, ಚಿಕ್ಕದಾಗಿ ಸೇರಿಸುತ್ತೇನೆ. ಈಗ ಉಳಿದಿರುವುದು ಒಂದು ಹೇಳಿಕೆಯ ಬಗ್ಗೆ ನಿಮ್ಮ ನಿಲುವನ್ನು 30 ನಿಮಿಷದಲ್ಲಿ ಬರೆಯುವ ಪ್ರಬಂಧ ಮಾತ್ರ. ಅದಕ್ಕೆ ಬರಬಹುದಾದ ವಿಷಯಗಳ ಪೂರ್ಣ ಪಟ್ಟಿಯನ್ನು ಇಟಿಎಸ್ ತನ್ನ ಜಾಲತಾಣದಲ್ಲಿ ಬಹಿರಂಗವಾಗಿ ಇಟ್ಟಿದೆ. ಸಿದ್ಧ ಪ್ರಬಂಧಗಳನ್ನು ಮಾರುವ ಮಾರ್ಗದರ್ಶಿಗಳಿಂದ ದೂರವಿರಿ. ಬರೆದದ್ದು ಬೇರೆಡೆಯ ಬರಹಕ್ಕೆ ಹೋಲುತ್ತದೆಯೇ ಎಂದು ಇಟಿಎಸ್‌ನವರು ತಂತ್ರಾಂಶದಿಂದ ತಾಳೆ ನೋಡುತ್ತಾರೆ, ಸಿಕ್ಕಿಬಿದ್ದರೆ ಅಂಕ ರದ್ದಾಗುತ್ತದೆ. ಪರೀಕ್ಷೆಯ ಪರದೆಯಲ್ಲಿ ಕಾಗುಣಿತ ತಿದ್ದುವ ಸೌಲಭ್ಯವಿರುವುದಿಲ್ಲ, ಮನೆಯಲ್ಲೂ ಅದನ್ನು ಆಫ್ ಮಾಡಿಯೇ ಅಭ್ಯಾಸ ಮಾಡಬೇಕು.

ಹೇಮಾವತಿ ದಂಡೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಅಕ್ಕ ಹೇಳಿದಂತೆ ಒಂಬತ್ತು ವಿಭಾಗಗಳ ಪುಟಗಳನ್ನು ಓದಿದೆ. ನಾಲ್ಕರಲ್ಲಿ ಜಿಆರ್‌ಇ ಬೇಕು, ಮೂರರಲ್ಲಿ ಐಚ್ಛಿಕ, ಎರಡರಲ್ಲಿ ಬೇಡವೇ ಬೇಡ. ಆದ್ದರಿಂದ ಬರೆಯುತ್ತೇನೆ. ಪೆಟ್ಟಿಗೆಯಲ್ಲಿ ಗಣಿತದ ಒಂದು ಪುಸ್ತಕ ಮತ್ತು ನಡುವಿನ ಕಾಲದ ಸಮಗ್ರ ಮಾರ್ಗದರ್ಶಿ ಉಳಿದಿವೆ, ಅಧಿಕೃತ ಮಾರ್ಗದರ್ಶಿಯನ್ನು ಹೊಸದಾಗಿ ತರಿಸಿಕೊಂಡೆ. ದಪ್ಪ ಪದಪಟ್ಟಿಯನ್ನು ಅರ್ಥ ಹುಡುಕಲು ಮಾತ್ರ ತೆರೆಯುತ್ತಿದ್ದೇನೆ.

ಮೊದಲ ಉಚಿತ ಪರೀಕ್ಷೆಯಲ್ಲಿ ಗಣಿತಕ್ಕೆ 163, ಭಾಷೆಗೆ 147 ಬಂತು. ತಪ್ಪುಗಳನ್ನು ಬರೆದು ನೋಡಿದಾಗ ಆಶ್ಚರ್ಯವಾಯಿತು. ಭಾಷೆಯ ಹದಿನೈದು ತಪ್ಪುಗಳಲ್ಲಿ ಪದ ಗೊತ್ತಿಲ್ಲದೆ ಆದವು ಆರು ಮಾತ್ರ. ಉಳಿದ ಒಂಬತ್ತರಲ್ಲಿ ಪದಗಳೆಲ್ಲ ಗೊತ್ತಿದ್ದವು, ಲೇಖಕ ಯಾರ ಅಭಿಪ್ರಾಯವನ್ನು ಹೇಳುತ್ತಿದ್ದಾನೆ, ತನ್ನದೋ ತಾನು ಖಂಡಿಸುತ್ತಿರುವವರದೋ ಎಂಬುದನ್ನು ತಪ್ಪಾಗಿ ಹಿಡಿದಿದ್ದೆ. ಗಣಿತದಲ್ಲಿ ಮೇಷ್ಟ್ರು ಹೇಳಿದ ಭಿನ್ನರಾಶಿಯ ಹಳ್ಳಕ್ಕೇ ಎರಡು ಸಲ ಬಿದ್ದೆ. ಎರಡನೆಯ ಉಚಿತ ಪರೀಕ್ಷೆಯನ್ನು ಯಾವಾಗ ತೆಗೆದುಕೊಳ್ಳಲಿ? ಈಗಲೇ ಕೈ ತುರಿಸುತ್ತಿದೆ.

ಮೂರನೆಯ ಚಳಿಗಾಲ

ಈಗ ಬೇಡ. ಪರೀಕ್ಷೆಗೆ ಎರಡು ವಾರವಿರುವಾಗ, ನಿನ್ನ ಪರೀಕ್ಷೆಗೆ ನಿಗದಿಯಾಗಿರುವ ಹೊತ್ತಿಗೇ, ಫೋನು ಬೇರೆ ಕೋಣೆಯಲ್ಲಿಟ್ಟು, ನಡುವೆ ಎದ್ದು ನೀರು ಕುಡಿಯದೆ ಮಾಡು. ಅಲ್ಲಿಯವರೆಗೆ ಆ ಒಂಬತ್ತು ತಪ್ಪುಗಳ ಗದ್ಯಭಾಗಗಳನ್ನು ಮತ್ತೆ ತೆಗೆದು, ಪ್ರತಿ ವಾಕ್ಯದ ಪಕ್ಕದಲ್ಲಿ 'ಇದು ಯಾರ ಮಾತು' ಎಂದು ಪೆನ್ಸಿಲಿನಲ್ಲಿ ಕನ್ನಡದಲ್ಲೇ ಬರೆಯುತ್ತಾ ಹೋಗು. ಒಂದು ಗದ್ಯಭಾಗಕ್ಕೆ ಅರ್ಧ ಗಂಟೆ ಹಿಡಿದರೂ ಸರಿ, ಗಡಿಯಾರ ಆಮೇಲೆ.